ಆಟ ಕಟ್ಟಲು ಕಲಿಸುವ ಪದವಿ: ಪಠ್ಯಕ್ರಮ ಎಲ್ಲಿಂದ ಶುರುವಾಗಬೇಕು?

ಗೇಮ್ ಡೆವಲಪ್‌ಮೆಂಟ್ ಕೋರ್ಸ್ ತೆರೆಯಲು ಹೊರಟ ಕಾಲೇಜಿನ ಮೊದಲ ಸಭೆಯಲ್ಲಿ ಏಳುವ ಮೊದಲ ಪ್ರಶ್ನೆ ಹೆಚ್ಚಾಗಿ ಒಂದೇ: 'ಯಾವ ಸಾಫ್ಟ್‌ವೇರ್ ಕಲಿಸೋಣ?' ಯೂನಿಟಿಯೋ ಅನ್‌ರಿಯಲ್ಲೋ ಎಂಬ ಚರ್ಚೆಯಲ್ಲೇ ಊಟದ ಹೊತ್ತಾಗುತ್ತದೆ. ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಪದವಿ ಮುಗಿಸಿ ಹೊರಡುವ ಹುಡುಗಿಯ ಕೈಯಲ್ಲಿ ಏನಿರಬೇಕು ಎಂಬುದನ್ನು ಮೊದಲು ತೀರ್ಮಾನಿಸಿ. ಪರಿಚಯವೇ ಇಲ್ಲದವರು ಕೂತು ಆಡಿದ ನಾಲ್ಕೈದು ಸಣ್ಣ ಆಟಗಳು, ನಿಜದ ಅಳತೆಗೆ ಒರೆ ಹಚ್ಚಿ ನೋಡಿದ ಒಂದು ಸಿಮ್ಯುಲೇಷನ್, ಇಷ್ಟು ಇರಬೇಕು ಎಂಬುದು ನನ್ನ ಉತ್ತರ. ಈ ಗುರಿಯಿಂದ ಹಿಮ್ಮುಖವಾಗಿ ಯೋಚಿಸುತ್ತ ಬಂದರೆ ಯಾವ ಸೆಮಿಸ್ಟರಿನಲ್ಲಿ ಏನು ಬರಬೇಕೆಂಬುದು ಬೇಗ ಸ್ಪಷ್ಟವಾಗುತ್ತದೆ.

ಈ ಮಾತಿಗೆ ಈಗ ಕಾಲವೂ ಕೂಡಿಬಂದಿದೆ. ಅನಿಮೇಷನ್, ವಿಷುಯಲ್ ಎಫೆಕ್ಟ್ಸ್, ಗೇಮಿಂಗ್, ಕಾಮಿಕ್ಸ್ ಕ್ಷೇತ್ರಕ್ಕೆಂದು ದೇಶದಲ್ಲೇ ಮೊದಲು ನೀತಿ ರೂಪಿಸಿದ್ದು ಕರ್ನಾಟಕ, 2012ರಲ್ಲಿ. ಈಗ ಜಾರಿಯಲ್ಲಿರುವುದು 2024–29ರ ನೀತಿ. ಬೆಂಗಳೂರಿನಲ್ಲಿ 1997ರಲ್ಲೇ ಧ್ರುವ ಇಂಟರಾಕ್ಟಿವ್ ಎಂಬ ಗೇಮ್ ಸ್ಟುಡಿಯೊ ಹುಟ್ಟಿತ್ತು. ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ಬೆಂಗಳೂರು ಕ್ಯಾಂಪಸ್ಸಿನಲ್ಲಿ ಡಿಜಿಟಲ್ ಗೇಮ್ ಡಿಸೈನ್ ಸ್ನಾತಕೋತ್ತರ ಪದವಿ ಇದೆ. ಆದರೆ ಅಲ್ಲಿ ಸೀಟು ಸಿಗುವುದು ಬೆರಳೆಣಿಕೆಯ ಮಕ್ಕಳಿಗೆ. ಹಾಸನ, ಬಾಗಲಕೋಟೆ, ಕಲಬುರಗಿಯ ಕಾಲೇಜುಗಳು ಇದನ್ನು ಹೇಗೆ ಕಲಿಸಬಹುದು ಎಂಬುದೇ ಈ ಲೇಖನದ ಕಾಳಜಿ.

ಆಟವೂ ಸಿಮ್ಯುಲೇಷನ್ನೂ ಒಂದೇ ಪದವಿಯಲ್ಲಿ ಏಕೆ?

ಅಮೆರಿಕದ ಡಿಜಿಪೆನ್ ಸಂಸ್ಥೆ 1988ರಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಶುರುವಾಗಿ, 1998ರಲ್ಲಿ ವಾಷಿಂಗ್ಟನ್ ರಾಜ್ಯದ ರೆಡ್‌ಮಂಡ್‌ಗೆ ಬಂತು. ಆಟ ತಯಾರಿಕೆಗೆಂದೇ ಅದು ಕೊಟ್ಟ ಬ್ಯಾಚುಲರ್ ಪದವಿಯ ಹೆಸರು 'ರಿಯಲ್ ಟೈಮ್ ಇಂಟರಾಕ್ಟಿವ್ ಸಿಮ್ಯುಲೇಷನ್'. ಗೇಮ್ ಎಂಬ ಮಾತು ಆ ಹೆಸರಿನಲ್ಲಿಲ್ಲ. ಕಾರಣ ಸರಳವಾಗಿದೆ. ಕಾರು ತಿರುವಿನಲ್ಲಿ ಜಾರುವುದನ್ನು ಸೆಕೆಂಡಿಗೆ 60 ಸಲ ಲೆಕ್ಕ ಹಾಕಿ ತೆರೆಯ ಮೇಲೆ ಮೂಡಿಸುವ ಕೆಲಸ ರೇಸಿಂಗ್ ಆಟದಲ್ಲೂ ಒಂದೇ, ಚಾಲಕರ ತರಬೇತಿಯ ಸಿಮ್ಯುಲೇಟರಿನಲ್ಲೂ ಒಂದೇ. ವ್ಯತ್ಯಾಸವಿರುವುದು ನಿಷ್ಠೆಯಲ್ಲಿ. ಆಟ ಆಡುವವರ ಸಂತೋಷಕ್ಕೆ ನಿಷ್ಠವಾಗಿರುತ್ತದೆ, ಅದಕ್ಕಾಗಿ ಗುರುತ್ವಾಕರ್ಷಣೆಯನ್ನೂ ಬದಲಿಸಬಹುದು. ಸಿಮ್ಯುಲೇಷನ್ನಿಗೆ ಆ ಸ್ವಾತಂತ್ರ್ಯವಿಲ್ಲ. ಅದು ನಿಜಕ್ಕೆ ಲೆಕ್ಕ ಒಪ್ಪಿಸಬೇಕು. ಒಂದೇ ವಿದ್ಯೆಯನ್ನು ಈ ಎರಡು ಶಿಸ್ತುಗಳಲ್ಲಿ ಪಳಗಿಸುವುದೇ ಇಂಥ ಪದವಿಯ ತಿರುಳು.

ಉದ್ಯೋಗದ ದೃಷ್ಟಿಯಿಂದಲೂ ಇದು ವಿವೇಕದ ಜೋಡಣೆ. ಮನರಂಜನೆಯ ಆಟಗಳ ಮಾರುಕಟ್ಟೆ ಏರಿಳಿತದ್ದು. ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಸೇರಿ 2010ರಿಂದ ಹೆಲಿಕಾಪ್ಟರ್ ಪೈಲಟ್‌ಗಳಿಗೆ ಸಿಮ್ಯುಲೇಟರ್ ತರಬೇತಿ ಕೊಡುವ 'ಹ್ಯಾಟ್ಸಾಫ್' ಅಕಾಡೆಮಿ ಕಟ್ಟಿದವು. ಡಿಆರ್‌ಡಿಒದ ವೈಮಾನಿಕ ಅಭಿವೃದ್ಧಿ ಸಂಸ್ಥೆಯಲ್ಲಿ ಹಾರಾಟದ ಸಿಮ್ಯುಲೇಟರುಗಳ ಮೇಲೆ ದಶಕಗಳ ಕೆಲಸ ನಡೆದಿದೆ. ವೈದ್ಯಕೀಯ ಕಾಲೇಜುಗಳಲ್ಲಿ ಈಗ ಸ್ಕಿಲ್ಸ್ ಲ್ಯಾಬ್ ಇರಲೇಬೇಕು. ಆಟ ಕಟ್ಟಲು ಬಲ್ಲವರು ಇಲ್ಲೆಲ್ಲ ಬೇಕಾಗುತ್ತಾರೆ.

ಕ್ರೆಡಿಟ್ ಲೆಕ್ಕ

ಎಐಸಿಟಿಇ ಮಾದರಿಯಲ್ಲಿ ಬಿ.ಇ. ಅಥವಾ ಬಿ.ಟೆಕ್‌ಗೆ 160 ಕ್ರೆಡಿಟ್. ವಾರಕ್ಕೆ ಒಂದು ಗಂಟೆಯ ಪಾಠ ಒಂದು ಕ್ರೆಡಿಟ್, ಎರಡು ಗಂಟೆಯ ಪ್ರಾಯೋಗಿಕ ಒಂದು ಕ್ರೆಡಿಟ್. ಎಂಟೂ ಸೆಮಿಸ್ಟರಿನಲ್ಲಿ ತಲಾ 4 ಕ್ರೆಡಿಟ್ಟಿನ ಒಂದು 'ಸ್ಟುಡಿಯೊ' ಇಡಿ. ಒಟ್ಟು 32 ಕ್ರೆಡಿಟ್, ಇಡೀ ಪದವಿಯ ಐದನೇ ಒಂದು ಪಾಲು. ಸ್ಟುಡಿಯೊ ಎಂದರೆ ಆಟವನ್ನೋ ಸಿಮ್ಯುಲೇಷನ್ನನ್ನೋ ಕಟ್ಟಿ ಮುಗಿಸುವ ಜಾಗ. ಉಳಿದ ವಿಷಯಗಳೆಲ್ಲ ಅದಕ್ಕೆ ಬಲ ಕೊಡಬೇಕು.

ನಾಲ್ಕು ಕ್ರೆಡಿಟ್ ಎಂದರೆ ವಾರಕ್ಕೆ ಎಂಟು ಗಂಟೆ. ಅದನ್ನು ಒಂದೊಂದು ಗಂಟೆಯ ಪೀರಿಯಡ್ಡುಗಳಾಗಿ ಚೂರು ಮಾಡಬೇಡಿ. ಎರಡು ಪೂರ್ತಿ ಮಧ್ಯಾಹ್ನ ಕೊಡಿ. ಕಂಪ್ಯೂಟರ್ ಆನ್ ಮಾಡಿ, ನಿನ್ನೆ ಎಲ್ಲಿ ನಿಂತಿತ್ತೆಂದು ನೆನಪಿಸಿಕೊಳ್ಳುವಷ್ಟರಲ್ಲಿ ಬೆಲ್ ಹೊಡೆದರೆ ಯಾವ ಆಟವೂ ಮುಗಿಯುವುದಿಲ್ಲ. ಟೈಮ್‌ಟೇಬಲ್ ಹಾಕುವವರನ್ನು ಒಪ್ಪಿಸುವುದು ಸಿಲಬಸ್ ಬರೆಯುವುದಕ್ಕಿಂತ ಕಷ್ಟ. ಆದರೂ ಈ ವಿಷಯದಲ್ಲಿ ಮಾತ್ರ ಬಿಟ್ಟುಕೊಡಬೇಡಿ.

ಮೊದಲ ಸೆಮಿಸ್ಟರ್: ಹಲಗೆ, ಕವಡೆ, ಕಾಗದ

ಆಟದ ವಿನ್ಯಾಸ ಕಲಿಯಲು ಕಂಪ್ಯೂಟರ್ ಅಡ್ಡಿಯಾಗುವ ಹಂತವೊಂದಿದೆ, ಅದು ಮೊದಲ ಸೆಮಿಸ್ಟರ್. ಪ್ರೋಗ್ರಾಮಿಂಗ್ ಇನ್ನೂ ಅಂಬೆಗಾಲಿಡುತ್ತಿರುವಾಗ ನಿಯಮ ರೂಪಿಸುವುದನ್ನು ಕಾಗದದ ಮೇಲೆ ಕಲಿಸಬೇಕು. ಟ್ರೇಸಿ ಫುಲರ್ಟನ್ ಅವರ 'ಗೇಮ್ ಡಿಸೈನ್ ವರ್ಕ್‌ಶಾಪ್' ಪುಸ್ತಕ ಜಗತ್ತಿನ ಅನೇಕ ಕಡೆ ಈ ದಾರಿಯನ್ನು ರೂಢಿಗೆ ತಂದಿತು.

ನಮಗೆ ಸಾಮಗ್ರಿಯ ಕೊರತೆಯಿಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಸ್ವತಃ ಹಲಗೆಯಾಟಗಳನ್ನು ರೂಪಿಸಿದವರು. ಅವರ ಹೆಸರಿನಲ್ಲಿರುವ ಶ್ರೀತತ್ತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗ ಇಂಥ ಆಟಗಳಿಗೆ ಮೀಸಲು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಹಲಗೆಯಾಟಗಳನ್ನು ಮತ್ತೆ ಮಾಡಿಸಿ ಪ್ರದರ್ಶನಕ್ಕಿಡುತ್ತ ಬಂದಿದೆ. ಅಳಗುಳಿಮಣೆ, ಆಡು-ಹುಲಿ, ನವಕಂಕರಿ, ಪಗಡೆ ಎಲ್ಲವೂ ಒಂದೊಂದು ವಿನ್ಯಾಸ ಪಾಠ. ಆಡು-ಹುಲಿಯನ್ನೇ ನೋಡಿ: ಎರಡೂ ಕಡೆಯವರ ಕಾಯಿಗಳ ಸಂಖ್ಯೆ ಬೇರೆ, ಶಕ್ತಿ ಬೇರೆ, ಗೆಲ್ಲುವ ಬಗೆಯೂ ಬೇರೆ, ಹಾಗಿದ್ದೂ ಆಟ ಸಮಬಲದ್ದಾಗಬೇಕು. ಇಂದಿನ ದೊಡ್ಡ ಆನ್‌ಲೈನ್ ಆಟಗಳ ವಿನ್ಯಾಸಕರು ತಲೆ ಕೆಡಿಸಿಕೊಳ್ಳುವುದೂ ಇದೇ ಸಮಸ್ಯೆಗೆ.

ಚೌಕಾಬಾರಾ ಇನ್ನೂ ಒಳ್ಳೆಯ ಪಾಠ. ನಾಲ್ಕು ಕವಡೆ ಬಿಟ್ಟರೆ 16 ಬಗೆಯ ಬೀಳು. ಪ್ರತಿ ಕವಡೆಯೂ ಅಂಗಾತ ಅಥವಾ ಬೋರಲು ಬೀಳುವ ಸಂಭವ ಸಮವೆಂದುಕೊಂಡರೆ, ಎರಡರ ಗರ ಬೀಳುವುದು 16ರಲ್ಲಿ 6 ಸಲ. ನಾಲ್ಕರದ್ದು 1 ಸಲ, ಎಂಟರದ್ದು 1 ಸಲ. ಅಂದರೆ ಮತ್ತೊಮ್ಮೆ ಆಡಲು ಅವಕಾಶ ಕೊಡುವ ಚೌಕ ಮತ್ತು ಬಾರ ಎರಡೂ ಸೇರಿ ಎಂಟರಲ್ಲಿ ಒಂದು ಸಲ. ಆದರೆ ನಿಜವಾದ ಕವಡೆ ನಾಣ್ಯದ ಹಾಗೆ ಸಮತೂಕದ್ದಲ್ಲ. ವಿದ್ಯಾರ್ಥಿಗಳಿಗೆ ಕವಡೆ ಕೊಟ್ಟು, ನೂರಾರು ಸಲ ಬಿಡಿಸಿ, ಬಿದ್ದದ್ದನ್ನು ಬರೆದಿಡಲು ಹೇಳಿ. ಎರಡನೇ ಸೆಮಿಸ್ಟರಿನಲ್ಲಿ ಅದೇ ಅಂಕಿಗಳನ್ನು ಪೈಥಾನ್ ಪ್ರೋಗ್ರಾಮಿಗೆ ಉಣಿಸಿ, ಹತ್ತು ಸಾವಿರ ಆಟಗಳನ್ನು ಕಂಪ್ಯೂಟರಿನಲ್ಲೇ ಆಡಿಸಬಹುದು. ಮೊದಲು ಆಡುವವನಿಗೆ ಲಾಭವಿದೆಯೇ? ಹೊಡೆಯದೆ ಒಳಮನೆಗೆ ಹೋಗುವಂತಿಲ್ಲ ಎಂಬ ನಿಯಮ ತೆಗೆದರೆ ಆಟ ಎಷ್ಟು ಬೇಗ ಮುಗಿಯುತ್ತದೆ? ಆಟವೂ ಸಿಮ್ಯುಲೇಷನ್ನೂ ವಿದ್ಯಾರ್ಥಿಯ ಮನಸ್ಸಿನಲ್ಲಿ ಕೂಡಿಕೊಳ್ಳುವುದು ಇಲ್ಲಿ, ಒಂದು ರೂಪಾಯಿಯ ಲೈಸೆನ್ಸ್ ಖರ್ಚಿಲ್ಲದೆ.

ಗಣಿತವನ್ನು ಹಿಂದಕ್ಕೆ ತಳ್ಳಬೇಡಿ

ಗೇಮ್ ಕೋರ್ಸ್ ಎಂದರೆ ಗಣಿತದಿಂದ ತಪ್ಪಿಸಿಕೊಳ್ಳುವ ದಾರಿ ಎಂದು ನಂಬಿ ಬರುವ ಮಕ್ಕಳಿರುತ್ತಾರೆ. ಪ್ರವೇಶದ ದಿನವೇ ಅವರಿಗೆ ನಿಜ ಹೇಳಿ. ಆದರೆ ಗಣಿತದ ಅನುಕ್ರಮವನ್ನು ಬದಲಿಸಿಕೊಡುವ ಜವಾಬ್ದಾರಿ ನಮ್ಮದು. ವೆಕ್ಟರ್, ಮ್ಯಾಟ್ರಿಕ್ಸ್, ಸಂಭವನೀಯತೆ ಮೊದಲ ವರ್ಷಕ್ಕೆ ಬರಲಿ. ಲಾಪ್ಲಾಸ್, ಫೂರಿಯೆ ಆಮೇಲೆ ಬಂದರೂ ನಷ್ಟವಿಲ್ಲ. ಎರಡು ವೆಕ್ಟರುಗಳ ಡಾಟ್ ಪ್ರಾಡಕ್ಟ್ ಧನವೋ ಋಣವೋ ಎಂದು ನೋಡಿದರೆ, ಕಾವಲುಗಾರನ ಮುಂದೆ ಆಟಗಾರ ಇದ್ದಾನೋ ಬೆನ್ನ ಹಿಂದೆ ಇದ್ದಾನೋ ಎಂಬುದು ತಿಳಿಯುತ್ತದೆ. ಇದನ್ನು ತೆರೆಯ ಮೇಲೆ ಒಮ್ಮೆ ಕಂಡ ವಿದ್ಯಾರ್ಥಿ ಆ ಸೂತ್ರವನ್ನು ಮರೆಯುವುದಿಲ್ಲ.

ಹೆಚ್ಚು ಹೊತ್ತು ನಿಲ್ಲಬೇಕಾದ ಪಾಠ ಕಾಲದ ಹೆಜ್ಜೆಯದ್ದು. ಕಂಪ್ಯೂಟರ್ ಚಲನೆಯನ್ನು ಹರಿಯುವಂತೆ ಕಾಣುವುದಿಲ್ಲ, ತುಣುಕು ತುಣುಕಾಗಿ ಲೆಕ್ಕ ಹಾಕುತ್ತದೆ. ಮೇಲಿನಿಂದ ಬಿಟ್ಟ ಚೆಂಡು ಒಂದು ಸೆಕೆಂಡಿನಲ್ಲಿ 4.9 ಮೀಟರ್ ಬೀಳಬೇಕು. ಆಯ್ಲರನ ಸರಳ ವಿಧಾನದಲ್ಲಿ 0.1 ಸೆಕೆಂಡಿನ ಹೆಜ್ಜೆಯಿಟ್ಟು ಲೆಕ್ಕ ಹಾಕಿದರೆ ಬರುವುದು 4.41 ಮೀಟರ್. ಸೆಕೆಂಡಿಗೆ 60 ಹೆಜ್ಜೆ ಇಟ್ಟರೆ 4.82. ಹೀಗಾಗಿ, ಹೆಜ್ಜೆಯನ್ನು ಫ್ರೇಮಿಗೆ ಕಟ್ಟಿದ ಆಟ ದುಬಾರಿ ಫೋನಿನಲ್ಲಿ ಒಂದು ಥರ, ಅಗ್ಗದ ಫೋನಿನಲ್ಲಿ ಇನ್ನೊಂದು ಥರ ನಡೆಯುತ್ತದೆ. ಇಲ್ಲಿ ಹಾರಿ ದಾಟಿದ ಹಳ್ಳವನ್ನು ಅಲ್ಲಿ ದಾಟಲಾಗುವುದಿಲ್ಲ. ಇದನ್ನು ವಿದ್ಯಾರ್ಥಿ ತಾನೇ ಕೋಡ್ ಬರೆದು, ಗ್ರಾಫ್ ಎಳೆದು ನೋಡಬೇಕು. ವರ್ಲೆ, ರುಂಗೆ-ಕುಟ್ಟ ಎಂಬ ಹೆಚ್ಚು ನಿಖರ ವಿಧಾನಗಳು ಏಕೆ ಬೇಕಾದವೆಂದು ಆಗ ಪ್ರತ್ಯೇಕವಾಗಿ ಬೋಧಿಸಬೇಕಾಗುವುದಿಲ್ಲ.

ಆಟದಲ್ಲಿ ಇಂಥ ತಪ್ಪು ಬೇಸರ ತರಿಸುತ್ತದೆ, ಅಷ್ಟೆ. ಬೇರೆಡೆ ಜೀವ ತೆಗೆದಿದೆ. 1991ರ ಫೆಬ್ರುವರಿ 25ರಂದು ಸೌದಿ ಅರೇಬಿಯಾದ ದಹ್ರಾನ್‌ನಲ್ಲಿ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ ಎದುರಾಳಿ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ. 28 ಅಮೆರಿಕನ್ ಸೈನಿಕರು ಸತ್ತರು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು ದ್ವಿಮಾನ ಅಂಕಿಗಳಲ್ಲಿ ನಿಖರವಾಗಿ ಬರೆಯಲು ಬರುವುದಿಲ್ಲ. 24 ಬಿಟ್‌ಗೆ ಕತ್ತರಿಸಿಟ್ಟ ಆ ಸಣ್ಣ ಕೊರತೆ, ವ್ಯವಸ್ಥೆ ನೂರು ಗಂಟೆ ಸತತವಾಗಿ ನಡೆದಾಗ ಸುಮಾರು 0.34 ಸೆಕೆಂಡಿನಷ್ಟು ಬೆಳೆದಿತ್ತು. ಅಷ್ಟರಲ್ಲಿ ಕ್ಷಿಪಣಿ ಅರ್ಧ ಕಿಲೋಮೀಟರಿಗೂ ಹೆಚ್ಚು ದೂರ ಸಾಗಿರುತ್ತದೆ. ಸಿಮ್ಯುಲೇಷನ್ ಎಂಬ ಹೆಸರು ಹೊತ್ತ ಪದವಿಯಲ್ಲಿ ಈ ಘಟನೆ ಪಠ್ಯದ ಭಾಗವಾಗಲೇಬೇಕು.

ಎಂಜಿನ್ ಬರುವುದು ನಾಲ್ಕನೇ ಸೆಮಿಸ್ಟರಿಗೆ

ಮೂರನೇ ಸೆಮಿಸ್ಟರಿನಲ್ಲಿ ಗೇಮ್ ಎಂಜಿನ್ ಇಲ್ಲದೆ, ರೇಲಿಬ್‌ನಂಥ ಪುಟ್ಟ ಉಚಿತ ಲೈಬ್ರರಿ ಹಿಡಿದು, ಸಿ ಭಾಷೆಯಲ್ಲಿ ಒಂದು ಸಣ್ಣ ಆಟ ಕಟ್ಟಿಸಿ. ಕೀ ಒತ್ತಿದ್ದನ್ನು ಓದು, ಲೋಕವನ್ನು ಒಂದು ಹೆಜ್ಜೆ ಮುಂದೊಯ್ಯು, ಚಿತ್ರ ಬರೆ, ಮತ್ತೆ ಶುರು ಮಾಡು: ಈ ಸುತ್ತನ್ನು ಸ್ವಂತ ಕೈಯಿಂದ ಬರೆದವರಿಗೆ ಯಾವ ಎಂಜಿನ್ನೂ ಮಂತ್ರವಾಗಿ ಕಾಣುವುದಿಲ್ಲ. 60 ಫ್ರೇಮ್ ಬೇಕೆಂದರೆ ಒಂದು ಸುತ್ತಿಗೆ ಸಿಗುವುದು 16.7 ಮಿಲಿಸೆಕೆಂಡ್, ವಿಆರ್ ಹೆಡ್‌ಸೆಟ್ಟಿನಲ್ಲಿ 90 ಫ್ರೇಮ್ ಬೇಕೆಂದರೆ 11.1 ಮಿಲಿಸೆಕೆಂಡ್ ಮಾತ್ರ. ಈ ಬಜೆಟ್ಟಿನೊಳಗೆ ಬದುಕುವುದನ್ನು ಇಲ್ಲೇ ಅಭ್ಯಾಸ ಮಾಡಿಸಬೇಕು.

ಆಮೇಲೆ ಎಂಜಿನ್ ಬರಲಿ. ಆದರೆ ವಿಷಯದ ಶೀರ್ಷಿಕೆಯಲ್ಲಿ ಕಂಪನಿಯ ಹೆಸರು ಬರೆಯಬೇಡಿ. 'ಗೇಮ್ ಎಂಜಿನ್‌ಗಳ ರಚನೆ ಮತ್ತು ಬಳಕೆ' ಎಂದಿರಲಿ. ಒಂದು ಕಾಲಕ್ಕೆ ಎಲ್ಲ ಕಡೆ ಕಲಿಸುತ್ತಿದ್ದ ಫ್ಲ್ಯಾಶ್‌ಗೆ ಅಡೋಬಿ 2020ರ ಕೊನೆಗೆ ತೆರೆ ಎಳೆಯಿತು. 2023ರ ಸೆಪ್ಟೆಂಬರಿನಲ್ಲಿ ಯೂನಿಟಿ ಪ್ರತಿ ಇನ್‌ಸ್ಟಾಲಿಗೂ ಶುಲ್ಕ ವಿಧಿಸುವುದಾಗಿ ಘೋಷಿಸಿ ಜಗತ್ತಿನಾದ್ಯಂತ ಡೆವಲಪರ್‌ಗಳ ಸಿಟ್ಟಿಗೆ ಗುರಿಯಾಗಿ, ಒಂದು ವರ್ಷದ ನಂತರ ಅದನ್ನು ಕೈಬಿಟ್ಟಿತು. ವಿಶ್ವವಿದ್ಯಾಲಯದ ಸಿಲಬಸ್ ಬದಲಾಗಲು ನಾಲ್ಕು ವರ್ಷ ಬೇಕು, ಕಂಪನಿಯ ನಿರ್ಧಾರ ಬದಲಾಗಲು ಒಂದು ರಾತ್ರಿ ಸಾಕು.

ಕಲಿಕೆಗೆ ನನ್ನ ಆಯ್ಕೆ ಗೋಡೋ ಎಂಬ ಎಂಜಿನ್. ಅದು ಮುಕ್ತ ತಂತ್ರಾಂಶ, ಈಗಿರುವ ಲ್ಯಾಬ್ ಕಂಪ್ಯೂಟರುಗಳಲ್ಲೇ ಓಡುತ್ತದೆ, ಅದರ ಒಳಗಿನ ಕೋಡನ್ನು ತೆರೆದು ಓದಬಹುದು. ನಮಗೆ ಇನ್ನೊಂದು ಕಾರಣವೂ ಇದೆ. 2023ರಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಅದು ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಮೂಡಿಸುವ ಅಕ್ಷರ ಜೋಡಣೆಯ ವ್ಯವಸ್ಥೆ ಪಡೆದಿದೆ. ಇಂಗ್ಲಿಷಿಗೆಂದು ಕಟ್ಟಿದ ಪಠ್ಯ ವ್ಯವಸ್ಥೆಗಳಲ್ಲಿ 'ಸ್ವಾತಂತ್ರ್ಯ' ಎಂದು ಬರೆದರೆ ಒತ್ತುಗಳು ಚೆಲ್ಲಾಪಿಲ್ಲಿಯಾಗುವುದನ್ನು ವಿದ್ಯಾರ್ಥಿಗಳೇ ಪರೀಕ್ಷಿಸಿ ನೋಡಲಿ. ಕನ್ನಡದಲ್ಲಿ ಆಟ ಬರಬೇಕೆಂದು ಬಯಸುವ ನಾವು ಇಂಥ ತಳಪಾಯದ ಕೆಲಸ ಬಲ್ಲ ಎಂಜಿನಿಯರುಗಳನ್ನು ಬೆಳೆಸಬೇಕು. ಉದ್ಯೋಗಕ್ಕಾಗಿ ಯೂನಿಟಿ, ಅನ್‌ರಿಯಲ್‌ಗಳನ್ನು ಆರನೇ ಸೆಮಿಸ್ಟರಿನ ಐಚ್ಛಿಕ ವಿಷಯಗಳಾಗಿ ಇಡಬಹುದು. ಒಂದು ಎಂಜಿನ್ನನ್ನು ಆಳವಾಗಿ ತಿಳಿದವರು ಇನ್ನೊಂದಕ್ಕೆ ದಾಟಲು ಹೆಚ್ಚು ದಿನ ಹಿಡಿಯುವುದಿಲ್ಲ.

ಕೋಡ್ ಬರೆಯುವವರು ಮಾತ್ರ ಇದ್ದರೆ ಆಟವಾಗದು

ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಿ ಪಾಷ್ 'ಬಿಲ್ಡಿಂಗ್ ವರ್ಚುವಲ್ ವರ್ಲ್ಡ್ಸ್' ಎಂಬ ಕೋರ್ಸ್ ನಡೆಸುತ್ತಿದ್ದರು. ಬೇರೆ ಬೇರೆ ವಿಭಾಗಗಳ ಸುಮಾರು 50 ವಿದ್ಯಾರ್ಥಿಗಳು, ನಾಲ್ಕು ಜನರ ತಂಡ, ಪ್ರತಿ ಪ್ರಾಜೆಕ್ಟಿಗೂ ಹೊಸ ತಂಡ, ಒಂದೊಂದಕ್ಕೆ ಎರಡೇ ವಾರ, ಸೆಮಿಸ್ಟರಿಗೆ ಐದು ಪ್ರಾಜೆಕ್ಟ್. ಗುಂಡು ಹಾರಿಸುವ ಹಿಂಸೆ, ಅಶ್ಲೀಲತೆ ಎರಡಕ್ಕೂ ಅಲ್ಲಿ ಜಾಗವಿರಲಿಲ್ಲ. ಅಭ್ಯಾಸಬಲದಿಂದ ಹೊಳೆಯುವ ಕಲ್ಪನೆ ಹೀಗೆ ನಿಷಿದ್ಧವಾದಾಗ ವಿದ್ಯಾರ್ಥಿಗಳು ಬೇರೆಯದನ್ನು ಹುಡುಕಲೇಬೇಕಾಯಿತು.

ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಚಿತ್ರ ಬರೆಯುವವರು, ಸಂಗೀತ ಬಲ್ಲವರು, ಕಥೆ ಹೇಳುವವರು ಒಂದೇ ಕ್ಯಾಂಪಸ್ಸಿನಲ್ಲಿ ಇರುವುದಿಲ್ಲ. ಆದರೆ ಒಂದೇ ಊರಿನಲ್ಲಿ ಇರುತ್ತಾರೆ. ಮೈಸೂರಿನಲ್ಲಿ ದೃಶ್ಯಕಲೆಯ ಕಾವಾ ಮತ್ತು ರಂಗಭೂಮಿಯ ರಂಗಾಯಣ, ಬೆಂಗಳೂರಿನಲ್ಲಿ ಚಿತ್ರಕಲಾ ಪರಿಷತ್ತು, ದಾವಣಗೆರೆಯಲ್ಲಿ ದೃಶ್ಯಕಲಾ ಮಹಾವಿದ್ಯಾಲಯ. ಎರಡು ಸಂಸ್ಥೆಗಳ ನಡುವೆ ಒಪ್ಪಂದ ಮಾಡಿಕೊಂಡು, ಐದನೇ ಸೆಮಿಸ್ಟರಿನ ಸ್ಟುಡಿಯೊವನ್ನು ಜಂಟಿಯಾಗಿ ನಡೆಸಿ, ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಕ್ರೆಡಿಟ್ ಕೊಡಿ. ಕ್ರೆಡಿಟ್ ಇಲ್ಲದೆ ಕಲಾವಿದ್ಯಾರ್ಥಿಗಳನ್ನು ಬರೀ ಸಹಾಯಕ್ಕೆಂದು ಕರೆಯುವುದು ಅವರ ವಿದ್ಯೆಗೆ ಮಾಡುವ ಅವಮಾನ.

ಊರಿನ ಸರ್ಕಲ್ಲೇ ಪ್ರಯೋಗಶಾಲೆ

ಆರನೇ ಸೆಮಿಸ್ಟರಿನ ಸ್ಟುಡಿಯೊ ಪೂರ್ತಿ ಸಿಮ್ಯುಲೇಷನ್ನಿಗೆ ಇರಲಿ. ವಿದ್ಯಾರ್ಥಿಗಳು ತಮ್ಮ ಊರಿನ ಒಂದು ಸರ್ಕಲ್ಲಿಗೆ ಹೋಗಿ, ಬೆಳಗಿನ ಗದ್ದಲದ ಹೊತ್ತಿನಲ್ಲಿ ಯಾವ ದಿಕ್ಕಿನಿಂದ ಎಷ್ಟು ಬೈಕು, ಆಟೊ, ಬಸ್ಸು ಬಂದವು, ಸಿಗ್ನಲ್ಲಿನಲ್ಲಿ ಸಾಲು ಎಷ್ಟುದ್ದ ಬೆಳೆಯಿತು ಎಂದು ಎಣಿಸಿ ತರಲಿ. ಜರ್ಮನಿಯ ಬಾಹ್ಯಾಕಾಶ ಸಂಸ್ಥೆ ಡಿಎಲ್‌ಆರ್ ಬೆಳೆಸಿದ 'ಸುಮೊ' ಎಂಬ ಮುಕ್ತ ತಂತ್ರಾಂಶದಲ್ಲಿ ಆ ಸರ್ಕಲ್ಲನ್ನು ಕಟ್ಟಲಿ. ಒಂದು ದಿನದ ಎಣಿಕೆಯಿಂದ ಮಾದರಿಯನ್ನು ಹೊಂದಿಸಿ, ಇನ್ನೊಂದು ದಿನದ ಎಣಿಕೆಯಿಂದ ಅದನ್ನು ಪರೀಕ್ಷಿಸಬೇಕು. ಹೊಂದಿಸಲು ಬಳಸಿದ ಅಂಕಿಯಿಂದಲೇ ಪರೀಕ್ಷೆಯನ್ನೂ ಮಾಡಿದರೆ ಮಾದರಿ ಯಾವಾಗಲೂ ಪಾಸಾಗುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ನಮ್ಮ ರಸ್ತೆಗಳಲ್ಲಿ ಲೇನ್ ಶಿಸ್ತಿಲ್ಲದ ಕಾರಣ ಮೊದಲ ಮಾದರಿ ನಿಜಕ್ಕೆ ಹತ್ತಿರವೂ ಬರಲಿಕ್ಕಿಲ್ಲ. ಏಕೆ ಬರಲಿಲ್ಲ ಎಂದು ವಿವರಿಸುವ ವರದಿಗೇ ಹೆಚ್ಚು ಅಂಕ ಇಡಿ. ಬೇಕಿದ್ದರೆ ಆಸ್ಪತ್ರೆಯ ಹೊರರೋಗಿ ಸಾಲು, ಬಸ್ ನಿಲ್ದಾಣ, ಕಾಲೇಜಿನ ಕ್ಯಾಂಟೀನು ಯಾವುದಾದರೂ ಆಗಬಹುದು. ಎಣಿಸಲು ಸಾಧ್ಯವಿರಬೇಕು, ಅಷ್ಟೆ.

ಅಂಕ ಕೊಡುವುದು ಹೇಗೆ?

ಮೂರು ಗಂಟೆಯ ಲಿಖಿತ ಪರೀಕ್ಷೆ ಗಣಿತಕ್ಕೆ, ಗ್ರಾಫಿಕ್ಸ್ ಸಿದ್ಧಾಂತಕ್ಕೆ ಇರಲಿ. ಸ್ಟುಡಿಯೊಗೆ ಬೇಡ. ಸೆಮಿಸ್ಟರ್ ಕೊನೆಗೆ ಒಂದು ದಿನ ಕಾಲೇಜಿನ ಬಾಗಿಲು ತೆರೆದು, ಬೇರೆ ವಿಭಾಗದವರು, ಹೈಸ್ಕೂಲ್ ಮಕ್ಕಳು, ಪೋಷಕರು ಬಂದು ಆಡುವ ವ್ಯವಸ್ಥೆ ಮಾಡಿ. ಆಡುವಾಗ ತಂಡದವರು ಬಾಯಿ ಬಿಡುವಂತಿಲ್ಲ. ಎಲ್ಲಿ ಸಿಕ್ಕಿಕೊಂಡರು, ಎಲ್ಲಿ ನಕ್ಕರು, ಎಲ್ಲಿ ಫೋನ್ ಕೆಳಗಿಟ್ಟರು ಎಂದು ಬರೆದುಕೊಳ್ಳಬೇಕು, ಆಮೇಲೆ ಎರಡು ವಾರದಲ್ಲಿ ಏನು ಸರಿಪಡಿಸಿದರೆಂದು ತೋರಿಸಬೇಕು. ಈ ಮೊದಲು–ನಂತರದ ವ್ಯತ್ಯಾಸಕ್ಕೆ ಹೆಚ್ಚಿನ ಅಂಕ.

ತಂಡದ ಕೆಲಸದಲ್ಲಿ ಒಬ್ಬರು ದುಡಿದು ಮೂವರು ಅಂಕ ಪಡೆಯುವ ಸಮಸ್ಯೆ ನಿಜ. ಗಿಟ್ ಬಳಕೆಯನ್ನು ಎರಡನೇ ಸೆಮಿಸ್ಟರಿನಿಂದಲೇ ಕಡ್ಡಾಯ ಮಾಡಿದರೆ ಯಾರು ಯಾವಾಗ ಏನು ಬರೆದರೆಂಬ ದಾಖಲೆ ತಾನಾಗಿ ಉಳಿಯುತ್ತದೆ. ಜೊತೆಗೆ ಒಬ್ಬೊಬ್ಬರಿಗೂ ಪ್ರತ್ಯೇಕ ವೈವಾ: ಅವರದೇ ಕೋಡಿನ ಒಂದು ಸಾಲು ತೋರಿಸಿ, ಇದನ್ನು ಬದಲಿಸಿದರೆ ಏನಾಗುತ್ತದೆಂದು ಕೇಳಿ. ಎಐ ಬರೆದುಕೊಟ್ಟ ಕೋಡಿಗೂ ಇದೇ ಪರೀಕ್ಷೆ ಸಾಕು.

ಪೋಷಕರ ಭಯಕ್ಕೆ ಉತ್ತರ ಸಿಲಬಸ್ಸಿನಲ್ಲೇ ಇರಬೇಕು

'ಗೇಮ್ ಓದಿ ಮಗ ಹಾಳಾಗುವುದಿಲ್ಲವೇ?' ಎಂಬ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಬಾರದು. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳಿಂದ ಮನೆಗಳು ಮುಳುಗಿವೆ. 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆ ಅಂಥವನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಮತ್ತು ಸಾಮಾಜಿಕ ಆಟಗಳನ್ನು ಬೇರೆಯಾಗಿ ಕಂಡಿತು. ಆಟದ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಚಟಕ್ಕೆಂದೇ 'ಶಟ್' ಕ್ಲಿನಿಕ್ ಇದೆ. ಮೂರು ಕ್ರೆಡಿಟ್ಟಿನ ನೀತಿ ಮತ್ತು ಕಾನೂನಿನ ವಿಷಯವೊಂದು ಕಡ್ಡಾಯವಾಗಿರಲಿ, ಅದರಲ್ಲಿ ಇಂಥ ಕ್ಲಿನಿಕ್ಕುಗಳ ತಜ್ಞರು ಬಂದು ಮಾತಾಡಲಿ. ಗ್ರಾಹಕರನ್ನು ಬಲೆಗೆ ಕೆಡಹುವ 13 ಬಗೆಯ ವಿನ್ಯಾಸ ತಂತ್ರಗಳನ್ನು ಕೇಂದ್ರ ಸರ್ಕಾರ 2023ರ ಮಾರ್ಗಸೂಚಿಯಲ್ಲಿ ಹೆಸರಿಸಿದೆ. ಜನಪ್ರಿಯ ಮೊಬೈಲ್ ಆಟಗಳಲ್ಲಿ ಅವನ್ನು ಗುರುತಿಸುವುದು ಒಳ್ಳೆಯ ಅಸೈನ್‌ಮೆಂಟ್. ಆ ಬಲೆಗಳು ಹೇಗೆ ಕೆಲಸ ಮಾಡುತ್ತವೆಂದು ಬಲ್ಲ ತರುಣರೇ ಅವಿಲ್ಲದ ಆಟವನ್ನು ಕಟ್ಟಬಲ್ಲರು.

ಮೇಷ್ಟ್ರು, ಲ್ಯಾಬು, ಅನುಮತಿ

ಲ್ಯಾಬಿನ ಖರ್ಚಿಗೆ ಹೆದರಬೇಕಿಲ್ಲ. ಮೊದಲೆರಡು ವರ್ಷಕ್ಕೆ ಈಗಿರುವ ಕಂಪ್ಯೂಟರುಗಳೇ ಸಾಕು. ಆಮೇಲೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇರುವ ಕೆಲವು ಯಂತ್ರ, ಒಂದೆರಡು ವಿಆರ್ ಹೆಡ್‌ಸೆಟ್, ಮತ್ತು ಕಪಾಟಿನ ತುಂಬ ಅಗ್ಗದ ಆಂಡ್ರಾಯ್ಡ್ ಫೋನುಗಳು. ನಮ್ಮ ಜನ ಆಡುವುದು ಅವುಗಳಲ್ಲೇ.

ಕಷ್ಟವಿರುವುದು ಬೋಧಕರ ವಿಷಯದಲ್ಲಿ. ಯುಜಿಸಿ 2022ರಲ್ಲಿ ತಂದ 'ಪ್ರೊಫೆಸರ್ ಆಫ್ ಪ್ರಾಕ್ಟೀಸ್' ವ್ಯವಸ್ಥೆಯಡಿ 15 ವರ್ಷ ಅನುಭವವಿರುವ ಉದ್ಯಮದವರನ್ನು, ಮಂಜೂರಾದ ಹುದ್ದೆಗಳ ಶೇ 10ರ ಮಿತಿಯಲ್ಲಿ ನೇಮಿಸಿಕೊಳ್ಳಬಹುದು. ಆದರೆ ದಿನನಿತ್ಯ ಪಾಠ ಮಾಡುವವರು ಈಗಿರುವ ಮೇಷ್ಟ್ರುಗಳೇ. ಕೋರ್ಸ್ ಶುರುವಾಗುವ ಮುಂಚಿನ ಬೇಸಿಗೆಯಲ್ಲಿ ಅವರ ಇತರ ಕೆಲಸಗಳನ್ನು ಇಳಿಸಿ, ಪ್ರತಿಯೊಬ್ಬರೂ ಒಂದು ಪುಟ್ಟ ಆಟ ಮುಗಿಸುವಂತೆ ಮಾಡಿ. ಪ್ರತಿ ವರ್ಷ ಜನವರಿಯ ಕೊನೆಯ ಹೊತ್ತಿಗೆ ನಡೆಯುವ ಗ್ಲೋಬಲ್ ಗೇಮ್ ಜಾಮ್‌ನಲ್ಲಿ ವಿದ್ಯಾರ್ಥಿಗಳ ಪಕ್ಕದಲ್ಲೇ ಮೇಷ್ಟ್ರುಗಳ ತಂಡವೂ ಕೂರಲಿ.

ನಿಮ್ಮದು ಸ್ವಾಯತ್ತ ಕಾಲೇಜಾದರೆ ಬೋರ್ಡ್ ಆಫ್ ಸ್ಟಡೀಸ್ ಮತ್ತು ಅಕಾಡೆಮಿಕ್ ಕೌನ್ಸಿಲ್ ಒಪ್ಪಿದ ಸಿಲಬಸ್ಸನ್ನು ನೀವೇ ನಡೆಸಬಹುದು. ಬೋರ್ಡಿನಲ್ಲಿ ಕಡೇಪಕ್ಷ ಒಬ್ಬ ಆಟದ ವಿನ್ಯಾಸಕ, ಒಬ್ಬ ಸಿಮ್ಯುಲೇಟರ್ ಎಂಜಿನಿಯರ್ ಇರಲಿ. ಇಬ್ಬರೂ ಪ್ರೋಗ್ರಾಮರ್‌ಗಳೇ ಆದರೆ ವಿನ್ಯಾಸದ ಸ್ಟುಡಿಯೊಗಳು ಮೊದಲ ಪರಿಷ್ಕರಣೆಯಲ್ಲೇ ಕತ್ತರಿಗೆ ಸಿಗುತ್ತವೆ. ಸಂಯೋಜಿತ ಕಾಲೇಜಿಗೆ ಅಷ್ಟು ಸ್ವಾತಂತ್ರ್ಯವಿಲ್ಲ, ಆದರೆ ದಾರಿಯಿದೆ: ಎಐಸಿಟಿಇ ಒಪ್ಪುವ 18ರಿಂದ 20 ಹೆಚ್ಚುವರಿ ಕ್ರೆಡಿಟ್ಟಿನ ಮೈನರ್ ಪದವಿಯನ್ನು ವಿಶ್ವವಿದ್ಯಾಲಯದ ಮುಂದಿಡಿ. ಅದಕ್ಕೆ ನಾಲ್ಕು ಸ್ಟುಡಿಯೊ ಸಾಕು: ಹಲಗೆಯಾಟ, ಎಂಜಿನ್ ಇಲ್ಲದ ಆಟ, ಜಂಟಿ ತಂಡದ ಆಟ, ಎಣಿಸಿ ಪರೀಕ್ಷಿಸಿದ ಸಿಮ್ಯುಲೇಷನ್. ತಲಾ ನಾಲ್ಕರಂತೆ 16 ಕ್ರೆಡಿಟ್, ಜೊತೆಗೆ ನೀತಿ ಮತ್ತು ಕಾನೂನಿನ ಮೂರು. ಪ್ರಸ್ತಾವ ಕಳುಹಿಸುವ ಮೊದಲು ಹಲಗೆಯಾಟದ ಸ್ಟುಡಿಯೊವನ್ನು ಒಂದು ಸೆಮಿಸ್ಟರ್ ಸಂಜೆ ತರಗತಿಯಾಗಿ ನಡೆಸಿ, ವಿದ್ಯಾರ್ಥಿಗಳು ಕಟ್ಟಿದ ಆಟಗಳನ್ನೂ ಅವರ ಪ್ಲೇಟೆಸ್ಟ್ ಟಿಪ್ಪಣಿಗಳನ್ನೂ ಕಡತದ ಜೊತೆಗೇ ಲಗತ್ತಿಸಿ.